ಗಡಿಯಾರದ ಪಟ್ಟಿಯ ಒಳಮೈ

ಹತ್ತಿ ಬೆಳೆಯುವ ಸೀಮೆಯ ಒಂದೂರು. ಅಲ್ಲೊಬ್ಬ ಸಿರಿವಂತ. ಹೆಸರು ಬೇಡ ತಾಯಂದಿರೆ, ನಿಮ್ಮ ಓಣಿಯಲ್ಲೇ ಅಂಥವನೊಬ್ಬ ಇದ್ದಾನು.

ಅವನ ಎಡಗೈಯಲ್ಲಿ ಅಪ್ಪನ ಕಾಲದ, ಕೀಲಿ ಕೊಡುವ ಗಡಿಯಾರವಿತ್ತು. ಒಬ್ಬಳೇ ಮಗಳು. ಬೆಳಗಿನ ಚಹಾದ ಹೊತ್ತಿಗೆ ಅವನ ತೊಡೆಯೇರಿ ಕೂತು ಅದಕ್ಕೆ ಕೀಲಿ ಕೊಡುವಳು. ಆಮೇಲೆ ಕಿವಿ ಹಚ್ಚಿ, "ಅಪ್ಪಾ, ಎದ್ದೈತಿ ನೋಡು!" ಅನ್ನುವಳು. ನೋಡಿ, ಆ ಮನೆಯಲ್ಲಿ ಹೊತ್ತು ತಿಳಿಯಬೇಕಾದರೆ ಅಪ್ಪನ ಕೈ ಹಿಡಿಯಬೇಕಿತ್ತು. ಎಂಥ ಚೆಂದದ ದಿನಗಳು ಅವು!

ಮಗಳು ದೊಡ್ಡವಳಾದಳು. ಸಿರಿವಂತ ತನ್ನ ಹತ್ತಿ ಮಿಲ್ಲು ಮಾರಿ, ಬಂದದ್ದನ್ನೆಲ್ಲ ಅವಳ ಸಲುವಾಗಿಯೇ ಕ್ರಿಪ್ಟೋ ಎಂಬ ಕಣ್ಣಿಗೆ ಕಾಣದ ನಾಣ್ಯ ಮಾಡಿಟ್ಟ. ಅದರ ಬೀಗದ ಕೈ ಏನು? ಹನ್ನೆರಡು ಇಂಗ್ಲಿಷ್ ಪದ. ಅವು ಯಾರಿಗೆ ಸಿಕ್ಕರೂ ಹಣ ಅವರದು. ಕಳೆದರೆ ಯಾವ ಬ್ಯಾಂಕೂ, ಯಾವ ಕೋರ್ಟೂ ತಿರುಗಿ ಕೊಡುವುದಿಲ್ಲ.

ಎಲ್ಲಿಡುವುದು? ತಿಜೋರಿಗೆ ಕಳ್ಳರ ಭಯ, ಫೋನಿಗೆ ಇನ್ನೊಂದು ಬಗೆಯ ಕಳ್ಳರ ಭಯ. ಹೆಜ್ಜೆ ಎಣಿಸುವ, ನಾಡಿ ನೋಡುವ ಸ್ಮಾರ್ಟ್‌ವಾಚ್ ತಂದ. ಅದರ ಪಟ್ಟಿಯ ಒಳಮೈಗೆ, ಚರ್ಮಕ್ಕೆ ತಾಗುವ ಕಡೆ, ನೀರಿಗೆ ಅಳಿಯದ ಮಸಿಯಲ್ಲಿ ಹನ್ನೆರಡೂ ಪದ ಬರೆದ. ಎಲ್ಲರ ಕಣ್ಣೆದುರೇ ಇದೆ, ಯಾರಿಗೂ ಕಾಣದು. ಜಾಣನಲ್ಲವೇ? ಹಳೆಯ ಗಡಿಯಾರ ಹೆಂಡತಿಯ ಕುಂಕುಮದ ಪೆಟ್ಟಿಗೆ ಸೇರಿತು.

"ಅಪ್ಪಾ, ಇದಕ್ಕ ಕೀಲಿ ಇಲ್ಲೇನು?" ಎಂದು ಮಗಳು ಕೈ ಹಿಡಿದಳು.

"ಏ, ಮುಟ್ಟಬ್ಯಾಡ ಅದನ್ನ!"

ಹೆಂಡತಿ ನಕ್ಕಳು. "ಜಳಕಕ್ಕೂ ಬಿಚ್ಚಂಗಿಲ್ಲಲ್ರೀ! ನನ್ನ ತಾಳಿಗಿಂತ ಗಟ್ಟಿ ಆತು ನಿಮ್ಮ ವಾಚು."

ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ!

ಒಂದು ಬೆಳಗ್ಗೆ ಕೈಯಿಂದ ಚಹಾದ ಕಪ್ಪು ಜಾರಿತು. ಲಕ್ವ. ಬಲಗೈ ಬಿತ್ತು, ಮಾತೂ ಬಿತ್ತು, ಬರೆಯುವುದೂ ಮರೆತುಹೋಯಿತು. ಉಳಿದದ್ದು ಎಡಗೈ ಒಂದೇ. ಆ ಕೈಯೆತ್ತಿ ಹೆಂಡತಿಯ ಮುಖದ ಮುಂದೆ ಹಿಡಿದ.

"ಹತ್ತೂವರಿ ಆತ್ರೀ. ಗಂಜಿ ತರ್ಲೇನು?"

ಮತ್ತೆ ಎತ್ತಿದ.

"ಈಗರೆ ಹೇಳಿದ್ನಲ್ರೀ, ಹತ್ತೂವರಿ! ಮ್ಯಾಲೆ ಎರಡು ನಿಮಿಷ."

ನೋಡಲು ಬಂದ ನೆರೆಮನೆಯಾಕೆ, "ಪಾಪ, ಸಾವ್ಕಾರ್ರಿಗೆ ಹೊತ್ತು ಹೋಗವಲ್ದು" ಅಂದಳು. ಒಂಬತ್ತು ದಿನ ಅವನು ಕೈಯೆತ್ತಿದ, ಒಂಬತ್ತು ದಿನ ಅವರು ಅಕ್ಕರೆಯಿಂದ ಗಂಟೆ ಹೇಳಿದರು.

ಹತ್ತನೆಯ ದಿನ ಹೆಂಡತಿಗೆ ಏನೋ ಹೊಳೆಯಿತು. "ಪಟ್ಟಿ ಬಿಗಿಯಾಗೇತಿ, ಅದಕ್ಕ ತೋರಸ್ತಾರ!" ಬಿಚ್ಚಿದಳು. ಅವನ ಕಣ್ಣು ಬೆಳಗಿದವು. ಅವಳು ಪಟ್ಟಿ ಮಗುಚಿದಳು. ಚಾಳೀಸಿನ ಕನ್ನಡಕ ಹಾಕಿಕೊಂಡಿರಲಿಲ್ಲ. "ಅಯ್ಯ ಶಿವನೇ, ಎಷ್ಟು ಕರ್ರಗಾಗೇತಿ!" ಎಂದು, ನರ್ಸ್ ಇಟ್ಟುಹೋಗಿದ್ದ ಸ್ಪಿರಿಟ್ಟಿನಲ್ಲಿ ಹತ್ತಿಯದ್ದಿ ಒರೆಸತೊಡಗಿದಳು.

"ಆ... ಆ..."

"ಆತ್ರೀ, ಆತು. ಇನ್ನೊಂಚೂರು."

ನೀರಿಗೆ ಅಳಿಯದ ಮಸಿ ಸ್ಪಿರಿಟ್ಟಿಗೆ ಅಳಿಯಿತು. ಹತ್ತಿಯಿಂದ ಗಳಿಸಿದ್ದು ಒಂದು ಹಿಡಿ ಹತ್ತಿಯಲ್ಲಿ ಹೋಯಿತು. ಯಾರ ತಪ್ಪು, ಹೇಳಿ? ಒರೆಸಿದವಳದೇ?

ಬರಿದಾದ ಮಣಿಕಟ್ಟು ನೋಡಲಾಗದೆ ಮಗಳು ಹಳೆಯ ಗಡಿಯಾರ ತಂದು ಕಟ್ಟಿದಳು. ಕೀಲಿ ಕೊಟ್ಟಳು. ಕಿವಿ ಹಚ್ಚಿದಳು. "ಅಪ್ಪಾ, ಎದ್ದೈತಿ ನೋಡು." ಅವನು ಅತ್ತುಬಿಟ್ಟ. ಯಾವುದಕ್ಕೆಂದು ಅವರಿಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ, ಮಾತು ತೊದಲುತ್ತ ಮರಳಿದಾಗ. ಹನ್ನೆರಡರಲ್ಲಿ ಏಳು ಪದ ನೆನಪಿದ್ದವು. ಏಳಕ್ಕೆ ಆ ಬೀಗ ತೆರೆಯುವುದಿಲ್ಲ.

ಎಲ್ಲ ಹೇಳಿಕೊಂಡ ಮರುದಿನ ಬೆಳಗ್ಗೆ, ಚಹಾದ ಹೊತ್ತಿಗೆ, ಅವನು ಎಡಗೈ ಎತ್ತಿದ. ಮನೆಯೆಲ್ಲ ಗಾಬರಿ. "ಇನ್ನೂ ಏನೈತ್ರೀ? ಇನ್ನೇನು ಮುಚ್ಚಿಟ್ಟೀರಿ?"

"ಏನಿಲ್ಲ... ಹೊತ್ತು... ಎಷ್ಟಾತು?"

ಹೆಂಡತಿ ನಕ್ಕಳು ನೋಡಿ, ಚಹಾ ಚೆಲ್ಲುವ ಹಾಗೆ ನಕ್ಕಳು. ಮಗಳು ಬಂದು ಅಪ್ಪನ ಕೈ ಹಿಡಿದಳು.

ಈಗ ನಿಮ್ಮ ನಿಮ್ಮ ಮಣಿಕಟ್ಟು ನೋಡಿಕೊಳ್ಳಿ ಅಣ್ಣಂದಿರೆ. ಕಳ್ಳನಿಗೆ ಕಾಣಬಾರದು, ಒಪ್ಪಿದೆ. ಕಟ್ಟಿಕೊಂಡವಳಿಗೂ ಕಾಣಬಾರದೇ? ಮುಚ್ಚಿಡಿ, ಆದರೆ ಎಲ್ಲಿ ಮುಚ್ಚಿಟ್ಟಿದ್ದೀರಿ, ಯಾರ ಸಲುವಾಗಿ ಎಂಬುದನ್ನು ಇವತ್ತು ಊಟಕ್ಕೆ ಮೊದಲು ನಂಬಿಕೆಯ ಒಬ್ಬರಿಗೆ ಹೇಳಿ. ತಾಯಂದಿರೆ, ನೀವೂ ಕೇಳಿ, ನಾಚಬೇಡಿ. ಮತ್ತೆ ದಿನಕ್ಕೊಮ್ಮೆ, ಚಹಾದ ಹೊತ್ತಿಗಾದರೂ, ಆ ಕೈಯನ್ನು ಮಕ್ಕಳಿಗೆ ಬಿಟ್ಟುಬಿಡಿ. ಅವರು ಅದನ್ನು ಮುಟ್ಟಲಿ.