ಮಂಜಿನೊಳಗಿನ ಗೋಲು

ಮಗಳ ಕನ್ನಡಕ ಬದಲಿಸಲು ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಕಾದು ಕಾದು ಅವಳು ನನ್ನ ತೊಡೆಯ ಮೇಲೇ ನಿದ್ದೆಹೋದಳು. ಪಕ್ಕದ ಬೆಂಚಿನಲ್ಲಿ ಪೊರೆಯ ಆಪರೇಷನ್ನಿಗೆ ಬಂದಿದ್ದ ಮುದುಕರೊಬ್ಬರು, ಜೊತೆಗೆ ಅವರ ಅಕ್ಕ ಕೂತಿದ್ದರು.

“ಮನೆಗೆ ಹೋಗೋಣ ಅಕ್ಕಾ. ಇಷ್ಟು ಕಾಣ್ತಿದೆಯಲ್ಲ, ಸಾಕು.”

“ಏನು ಕಾಣುತ್ತೆ? ನನ್ನ ಮುಖ ಕಾಣುತ್ತಾ?”

“ಮಂಜು ಮಂಜಾಗಿ ಕಾಣುತ್ತೆ. ನಾನು ಫುಟ್‌ಬಾಲ್ ಆಡ್ತಿದ್ದ ಆ ದೇಶದಲ್ಲಿ, ಮಂಜು ಕವಿದ ದಿನ ಒಂದು ಮ್ಯಾಚು ಹೀಗೇ ಇತ್ತು. ನಾನೊಬ್ಬನೇ ಮೋಡದೊಳಗೆ ಓಡ್ತಿದ್ದ ಹಾಗೆ. ಚೆಂಡನ್ನ ಜಾಡಿಸಿ ಒದ್ದೆ, ಬೆಳ್ಳಗೆ ಎಲ್ಲೋ ಕರಗಿಹೋಯ್ತು. ಆಮೇಲೆ ಆ ತುದಿಯಲ್ಲಿ ಜನ ಕೂಗಿದ್ದು ಕೇಳಿಸ್ತು. ಗೋಲು!”

“ಕಣ್ಣು ಕಾಣದೆ ಗೋಲು ಹೊಡೆದವನು, ಕಣ್ಣು ಸರಿಮಾಡಿಸ್ಕೊಳ್ಳೋಕೆ ಹೆದರ್ತೀಯಲ್ಲೋ!”

“ಆಗ ಹೆದರಿಕೆ ಇರಲಿಲ್ಲ ಅಂದ್ಕೊಂಡ್ಯಾ?”

“ಸಂಬಳಕ್ಕೆ ಫುಟ್‌ಬಾಲ್ ಆಡೋಕೆ ಇಲ್ಲಿಂದ ಪರದೇಶಕ್ಕೆ ಹೋದವರಲ್ಲಿ ನನ್ನ ತಮ್ಮನೇ ಮೊದಲನೆಯವನು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೀನಿ. ಮರ್ಯಾದೆ ತೆಗೀಬೇಡ, ಏಳು.”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ಮುದುಕರು ಏಳಲಿಲ್ಲ.

“ಬಾಗಿಲ ತನಕ ಕೈ ಹಿಡ್ಕೋತೀಯಾ?”

“ಪರದೇಶದಲ್ಲಿ ಯಾರು ಹಿಡ್ಕೊಂಡಿದ್ರೋ ನಿನ್ನ ಕೈನ?”

“ಯಾರೂ ಇರಲಿಲ್ಲ ಅಕ್ಕಾ. ಅದಕ್ಕೇ ಕೇಳ್ತಿದ್ದೀನಿ.”

ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡರು. ಗಾಳಿಯಲ್ಲಿ ತಡಕುತ್ತಿದ್ದ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು. ಇಬ್ಬರೂ ಮೆಲ್ಲಗೆ ಬಾಗಿಲತ್ತ ನಡೆದರು.

“ಎಳೀಬೇಡ ಅಕ್ಕಾ.”

“ನಾನೆಲ್ಲೋ ಎಳೆದೆ? ನೀನೇ ಓಡ್ತಿದ್ದೀಯ!”