ಬೋಣಿಯ ರೊಟ್ಟಿ, ಹೊರಗಿನ ಬೀಗ

ನನ್ನ ಹೆಸರು ಲಕ್ಕಪ್ಪ, ವಯಸ್ಸು 57, ಓದು ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ, ಮೂಲ ವಿಜಯಪುರ ಜಿಲ್ಲೆ, ಕಸುಬು ಜೋಳದ ರೊಟ್ಟಿ ವ್ಯಾಪಾರ, ಹಾಲಿ ವಾಸ ಬಿ.ಟಿ.ಎಂ. ಲೇಔಟ್ ಎರಡನೇ ಹಂತ. ನಮ್ಮಷ್ಟು ತೆಳ್ಳಗಿನ ರೊಟ್ಟಿ ಮಡಿವಾಳದವರೆಗೆ ಹುಡುಕಿದರೂ ಸಿಗುವುದಿಲ್ಲ. ಇದನ್ನೂ ಬರೆದುಕೊಳ್ಳಲು ಕೇಳಿದ್ದೇನೆ. ಠಾಣೆಗೆ ಬಂದು ತಿಳಿಸುವುದೇನೆಂದರೆ:

ಆಫೀಸುಗಳಿಗೆ ಊಟ ಕಳಿಸುವ ಸವಿತುತ್ತು ಫುಡ್ಸ್ ಎಂಬ ಕಂಪನಿಯೊಂದಿಗೆ ಕಳೆದ ವರ್ಷ ಕರಾರು ಮಾಡಿಕೊಂಡೆ. ರೊಟ್ಟಿ ಮಷೀನು ಅವರದು, ಕೆಲಸ ನಮ್ಮದು. ರೊಟ್ಟಿಯನ್ನು ಅವರಿಗೆ ಬಿಟ್ಟು ಬೇರೆ ಯಾರಿಗೂ ಮಾರಬಾರದು. ಸಹಿ ಮಾಡುವಾಗ ನನ್ನ ಕೈಕೆಳಗೆ ಹನ್ನೆರಡು ಆಳುಗಳಿದ್ದಾರೆ ಎಂದು ಮ್ಯಾನೇಜರ್ ಶ್ರೀಕರ್ ಅವರಿಗೆ ಹೇಳಿದ್ದೆ. ಇರುವುದು ನಾನು ಮತ್ತು ಹೆಂಡತಿ ತಂಗೆವ್ವ.

ನಿನ್ನೆ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿದ ಕೂಡಲೇ ಒಬ್ಬರು ಬಂದು ಹತ್ತು ರೊಟ್ಟಿ ಕೇಳಿದರು. ಇಲ್ಲ ಎಂದೆ. ಬೋಣಿ ಮಾಡೋಕೆ ಬಂದವ್ರನ್ನ ಬರಿಗೈಲಿ ಕಳಿಸ್ತೀರಾ ಅಂಕಲ್ ಎಂದರು. ದಿನದ ಮೊದಲ ಗಿರಾಕಿಯನ್ನು ಹಾಗೆ ಕಳಿಸಿದರೆ ಆ ದಿನದ ವ್ಯಾಪಾರ ಕೆಟ್ಟಂತೆ. ಆದ್ದರಿಂದ ಕೊಟ್ಟೆ, ನೋಟನ್ನು ಕಣ್ಣಿಗೊತ್ತಿಕೊಂಡೆ. ಅವರು ಕಂಪನಿಯೇ ಕಳಿಸಿದ್ದ ಮನುಷ್ಯ. ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದಿದ್ದಾರೆ. ನನ್ನ ಮುಖ ಮಾತ್ರ ಚೆನ್ನಾಗಿ ಬಂದಿದೆ.

ಹತ್ತೂವರೆಗೆ ಶ್ರೀಕರ್ ಮೂವರೊಂದಿಗೆ ಬಂದು, ಆ ವಿಡಿಯೋ ತೋರಿಸಿ, ಕರಾರು ಮುರಿದಿದ್ದೀರಿ, ಮಷೀನು ಒಯ್ಯಲು ಸಂಜೆ ಗಾಡಿ ಬರುತ್ತದೆ, ಅಲ್ಲಿಯವರೆಗೆ ಅಂಗಡಿಗೆ ನಮ್ಮ ಬೀಗ ಎಂದರು. ನಾನು ಫುಟ್‌ಪಾತಿನ ಮೇಲೆ ನಿಂತು, ನನ್ನ ಅಂಗಡಿಗೆ ಬೀಗಾ ಹಾಕೋ ಗಂಡಸು ಇನ್ನಾ ಹುಟ್ಟಿಲ್ರೀ ಎಂದು ಜನ ಸೇರುವಂತೆ ಮಾತಾಡುತ್ತಿದ್ದೆ. ಅಷ್ಟರಲ್ಲಿ ಅವರ ಕಡೆಯವರು ಹೊರಗಿನ ಮೇನ್ ಸ್ವಿಚ್ ಇಳಿಸಿ, ಶಟರ್ ಎಳೆದು ಬೀಗ ಹಾಕಿಯೇಬಿಟ್ಟರು. ತಂಗೆವ್ವ ಒಳಗೆ, ಮಷೀನಿನ ಹಿಂದೆ ಇದ್ದಳು.

ಒಳಗ ನನ್ನ ಹೆಂಡ್ತಿ ಅದಾಳ್ರೀ ಎಂದು ಕೂಗಿದೆ. ಶ್ರೀಕರ್ ನಗುತ್ತಾ, ಅವತ್ತು ಹನ್ನೆರಡು ಆಳು, ಇವತ್ತು ಹೆಂಡ್ತಿ, ನಿಮ್ ಕಥೆ ಸಾಕು ಅಂಕಲ್ ಎಂದು ಕಾರು ಹತ್ತಿದರು. ಬೀಗದ ಕೈ ಅವರ ಜೇಬಿನಲ್ಲೇ ಹೋಯಿತು.

ತಂಗೆವ್ವ ಒಳಗಿನಿಂದ ಶಟರ್ ಬಡಿದಳು. ರೀ, ಕತ್ತಲಾಗೈತಿ, ಗ್ಯಾಸ್ ಬಿಟ್ಕೊಂಡೈತಿ, ಲಗೂನ ತಗೀರಿ ಎಂದಳು. ಸಂದಿಯಿಂದ ನನ್ನ ಮೂಗಿಗೂ ವಾಸನೆ ಬಂತು. ಪಕ್ಕದ ವೆಲ್ಡಿಂಗ್ ಅಂಗಡಿಯ ಮುತ್ತುರಾಜ ಕಟಿಂಗ್ ಮಷೀನು ತಂದು ಬೀಗಕ್ಕೆ ಇಡಲು ಹೋದರು. ಕಿಡಿ ಹಾರಿದರೆ ಏನಾಗುತ್ತದೆ ಎಂದು ಹೊಳೆದು ಅವರ ಕೈ ಹಿಡಿದುಕೊಂಡೆ. ಅವರು ಹಾರೆ ತರಲು ಓಡಿದರು. ಆ ಹೊತ್ತಿಗೆ ಬಡಿಯುವ ಸದ್ದು ನಿಂತಿತು. ಹೆಸರು ಹಿಡಿದು ಕರೆದೆ. ಮದುವೆಯಾದಂದಿನಿಂದ ನಾನು ಕರೆದಾಗ ಅವಳು ಓ ಅನ್ನದೆ ಇದ್ದದ್ದು ಅದೇ ಮೊದಲು.

ಬೀಗ ಮೀಟಿ ಶಟರ್ ಎತ್ತಿದಾಗ ಹತ್ತು ಐವತ್ತು. ಹಿಟ್ಟಿನ ಚೀಲದ ಮೇಲೆ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಎಚ್ಚರವಾಯಿತು. ಸಿಲಿಂಡರ್ ಬದಲಿಸುವಾಗಲೇ ಕರೆಂಟು ಹೋಗಿ, ಕತ್ತಲಲ್ಲಿ ರೆಗ್ಯುಲೇಟರ್ ಸರಿಯಾಗಿ ಕೂರಲಿಲ್ಲ ಎಂದಳು.

ಕರಾರಿನ ವಿಷಯಕ್ಕೆ ಕಂಪನಿಯವರು ಕೋರ್ಟಿಗೆ ಕರೆಯಲಿ, ಬರುತ್ತೇನೆ. ಮನುಷ್ಯರಿರುವ ಅಂಗಡಿಗೆ ಬೀಗ ಹಾಕಿದವರ ಮೇಲೆ ಕ್ರಮ ಬೇಕು. ನಿನ್ನೆ ರಾತ್ರಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ತಂಗೆವ್ವ ಯಾವ ಬಾಗಿಲನ್ನೂ ಹಾಕಗೊಡುತ್ತಿಲ್ಲ, ಬಚ್ಚಲಿನದನ್ನೂ. ಬೀದಿಯವರೆಲ್ಲ ಇಣುಕಿ ಹೋಗುತ್ತಾರೆ. ನಾನು ಹೊಸ್ತಿಲಿಗೆ ಅಡ್ಡ ಕೂತಿದ್ದೆ. ಈಗ ಇಲ್ಲಿಗೆ ಬಂದಿರುವುದರಿಂದ ಅಲ್ಲಿ ಯಾರೂ ಇಲ್ಲ. ಬೇಗ ಸಹಿ ಹಾಕಿಸಿಕೊಂಡು ಕಳಿಸಿಕೊಡಬೇಕು.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಬಿ.ಟಿ.ಎಂ. ಲೇಔಟ್, ಬೆಂಗಳೂರು
ದಿನಾಂಕ: 12-03-2025
(ಸಹಿ) ಲಕ್ಕಪ್ಪ