ಬಾವಿಗೆ ಹೇಳಿಕೊಟ್ಟ ಪಾಠ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಅವರಿವರು ಹೇಳಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಅಣ್ಣ ಪೊಲೀಸ್ ದಫೇದಾರ. ಕೋರ್ಟಿಗೆ ಹೋಗೋ ಸಾಕ್ಷಿಗಳನ್ನ ಕೂರಿಸಿಕೊಂಡು ಗಿಣಿಪಾಠ ಮಾಡಿಸೋದರಲ್ಲಿ ಎತ್ತಿದ ಕೈ. ಅದಕ್ಕೇ ಸ್ಟೇಷನ್ನಲ್ಲಿ ಅವನನ್ನ 'ಮೇಷ್ಟ್ರು' ಅಂತಿದ್ರು. ಒಂದು ಸಲ ಪಾಠ ಒಪ್ಪಿಸೋ ಸರದಿ ಅವನಿಗೇ ಬಂತು. ಕಳ್ಳತನದ ಅನುಮಾನದ ಮೇಲೆ ಹಿಡಿದು ತಂದ ಸೈಕಲ್ ರಿಪೇರಿಯವನೊಬ್ಬ ಸ್ಟೇಷನ್ನಲ್ಲೇ ಏಟು ತಿಂದು ಸತ್ತ. ಹೆಣ ಹಾಳುಬಾವಿಗೆ ಹೋಯ್ತು. ಸ್ಟೇಷನ್ ಇನ್ಸ್‌ಪೆಕ್ಟರ್ ಸಾಹೇಬ್ರು ಅಣ್ಣನ ಕರೆದು ಹೇಳಿದ್ರು: "ನಾಳೆ ಕೋರ್ಟಲ್ಲಿ ಒಂದೇ ಮಾತು. 'ತಪ್ಪಿಸಿಕೊಂಡು ಓಡಿ ಅವನೇ ಬಾವಿಗೆ ಹಾರಿದ, ನಾನು ಕಂಡೆ.' ಇಲ್ಲಾಂದ್ರೆ ನಿನಗೆ ನೌಕರಿ ಇಲ್ಲ."

ಮನೆಗೆ ಹೋಗೋ ದಾರಿ ಅದೇ ಬಾವಿ ಪಕ್ಕ. ಅವತ್ತು ದಾರಿಯ ಒಂದು ಕಡೆ ಬೆಳದಿಂಗಳು, ಇನ್ನೊಂದು ಕಡೆ ಗುಡ್ಡದ ಕತ್ತಲು. ಅಣ್ಣ ಒಂದು ಕಾಲು ಬೆಳಕಲ್ಲಿ, ಒಂದು ಕಾಲು ಕತ್ತಲಲ್ಲಿ ಇಟ್ಟು ನಡೀತಿದ್ದ. ಯಾವ ಕಡೆ ಸರಿಯೋದು ಅಂತ ಅವನಿಗೇ ಗೊತ್ತಿರಲಿಲ್ಲ. ಆಲದ ಬಿಳಲುಗಳು ಲಾಕಪ್ ಸರಳಿನ ಹಾಗೆ ಇಳಿಬಿದ್ದಿದ್ವು. ಗಾಳಿ ಇಲ್ಲ. ಆದ್ರೂ ಬಾವಿಯೊಳಗೆ ನೀರು... ಗುಳುಕ್... ಗುಳುಕ್...

ಧೈರ್ಯಕ್ಕೆ ಅಂತ ಪಾಠ ಒಪ್ಪಿಸಿಕೊಂಡ. "ಅವನೇ ಬಾವಿಗೆ ಹಾರಿದ."

ಬಾವಿಯಿಂದ ಮಾತು ತಿರುಗಿ ಬಂತು.

"...ಹಾಕಿದ."

ಬೇರೆಯವರಾಗಿದ್ರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ರು. ಇವನು ಮೇಷ್ಟ್ರು ನೋಡಿ. ಸಾಕ್ಷಿ ಮಾತು ತಪ್ಪಿದ್ರೆ ತಿದ್ದೋದೇ ಅಭ್ಯಾಸ. ಕಟ್ಟೆ ಹತ್ರ ಹೋಗಿ ಗದರಿಸಿದ.

"ಹಾಕಿದ ಅಲ್ಲ, ಹಾರಿದ. ಸರಿಯಾಗಿ ಹೇಳು."

"...ಹಾಕಿದ."

"ಹಾ-ರಿ-ದ."

ನೀರು ಸುಮ್ಮನಾಯ್ತು. ಆಮೇಲೆ ಸಣ್ಣಗೆ, ಪಿಸುಮಾತಲ್ಲಿ...

"ಕಾಲು ಹಿಡ್ಕೊಂಡಿದ್ದು ಯಾರು?"

ಅಣ್ಣ ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಹೆಣ ಬಾವಿಗೆ ಎತ್ತಿ ಹಾಕುವಾಗ ಕಾಲು ಹಿಡಿದಿದ್ದು ಅವನೇ. ಹೆಂಡತಿಗೂ ಹೇಳಿರಲಿಲ್ಲ. ಭಯ ಆಯ್ತಂತೆ, ಅದರ ಹಿಂದೆಯೇ ಸಿಟ್ಟೂ ಬಂತಂತೆ. ಸಾಹೇಬ್ರ ಮೇಲೆ, ತನ್ನ ಮೇಲೆ, ಆ ಬಾವಿ ಮೇಲೂ. ಕಟ್ಟೆ ಮೇಲೆ ಎರಡೂ ಕೈ ಊರಿ ಒಳಗೆ ಬಗ್ಗಿದ.

"ನಾನೇ. ನಾನೇ ಹಿಡ್ಕೊಂಡಿದ್ದು. ನಾಳೆ ಅಲ್ಲೂ ಹೀಗೇ ಹೇಳ್ತೀನಿ. ನಿನಗೆ ಹೆದರಿ ಅಲ್ಲ, ತಿಳ್ಕೋ."

ಅವನು ದಾರಿಗೆ ಬಂದಾಗ ಚಂದ್ರ ಗುಡ್ಡದ ನೆತ್ತಿಗೆ ಬಂದಿದ್ದ, ಎರಡು ಕಡೆಯೂ ಬೆಳಕಿತ್ತು.

ಮನೆಯಲ್ಲಿ ಅತ್ತಿಗೆಗೆ ಎಲ್ಲಾ ಹೇಳಿದ. ನೌಕರಿ ಹೋಗುತ್ತೆ, ಜೈಲೂ ಆಗಬಹುದು ಅಂದ. ಅತ್ತಿಗೆ ಮಲಗಿದ್ದ ಮಕ್ಕಳ ಹೊದಿಕೆ ಸರಿಮಾಡಿ ಕೇಳಿದ್ರು:

"ಹೇಳಿದ ಮೇಲೆ ನಿದ್ದೆ ಬರುತ್ತಾ ನಿಮಗೆ?"

"ಬರುತ್ತೆ."

"ಹಾಗಾದ್ರೆ ಹೇಳಿ. ಮಕ್ಕಳನ್ನ ನಾನು ನೋಡ್ಕೋತೀನಿ."

ಮಾರನೇ ದಿನ ಕೋರ್ಟಲ್ಲಿ ನಾನೂ ಇದ್ದೆ, ಮುಂದಿನ ಬೆಂಚಲ್ಲಿ. ಅಣ್ಣ ಕಟಕಟೆ ಹತ್ತಿದ. ಸಾಹೇಬ್ರು ಮೀಸೆ ನೀವಿಕೊಂಡು ಕೂತಿದ್ರು. ಅಣ್ಣ ಅವರ ಮುಖ ನೋಡಿಕೊಂಡೇ ಹೇಳಿದ: "ಅವನು ಹಾರಲಿಲ್ಲ. ಸ್ಟೇಷನ್ನಲ್ಲಿ ಸತ್ತವನನ್ನ ಬಾವಿಗೆ ಹಾಕಿದ್ವಿ. ಕಾಲು ಹಿಡಿದಿದ್ದು ನಾನು, ಹೇಳಿ ಮಾಡಿಸಿದ್ದು ಅವರು."

ಸಾಹೇಬ್ರ ಕೈ ಮೀಸೆ ಮೇಲೇ ನಿಂತುಬಿಡ್ತು. ಹಾಲ್‌ನಲ್ಲಿ ಟಕಟಕ ಅಂತ ಟೈಪ್ ಹೊಡೆಯೋ ಸದ್ದೊಂದೇ. ಅದೂ ನಿಂತಿತು. ಟೈಪ್ ಮಾಡೋ ಹೆಂಗಸು ಕನ್ನಡಕ ಸರಿಮಾಡಿಕೊಂಡು ಜಡ್ಜ್ ಕಡೆ ತಿರುಗಿದ್ರು. ತೀರಾ ಮಾಮೂಲಿ ದನಿಯಲ್ಲಿ ಕೇಳಿದ್ರು:

"ಸ್ವಾಮಿ, ಇವರ ಮಾತು ಆಯ್ತು. ಪಕ್ಕದಲ್ಲಿ ನಿಂತಿರೋರು 'ಹೌದು' ಅಂದ್ರಲ್ಲ... ಅದನ್ನೂ ಹೊಡೀಲಾ?"

ಆ ಕಟಕಟೆಯಲ್ಲಿ ಒಬ್ಬರು ನಿಲ್ಲೋದೇ ಕಷ್ಟ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಅಲ್ಲೇ ಕೂತಿದ್ದೆ.